ಮಹೇಂದ್ರನ ಮಟ್ಟು

ಹಾಡಿನ ಎರಡನೇ ಸಾಲಿಗೇ ಮಹೇಂದ್ರನಿಗೆ ಗೊತ್ತಾಗಿಹೋಯಿತು. ಮತ್ತಿಕೆರೆಯ ಸಮುದಾಯ ಭವನದ ವೇದಿಕೆಯಲ್ಲಿ ಅವನ ತಾಯಿ ದ್ರೌಪದಮ್ಮ ಹಾರ್ಮೋನಿಯಂ ನುಡಿಸುತ್ತ, ಒಂದೇ ಬಣ್ಣದ ಸೀರೆಯುಟ್ಟ ಹತ್ತು ಹೆಂಗಸರಿಂದ ಆಂಜನೇಯನ ಮೇಲೆ ಭಜನೆ ಹಾಡಿಸುತ್ತಿದ್ದಳು. ಆ ಮಟ್ಟು ಅವನು ದಿನವೂ ಆಡುವ, ಗುಂಡು ಹಾರಿಸುವ ವಿಡಿಯೋ ಗೇಮಿನದು. ಅದರ ಐದು ಭಾಗ ಬಂದಿವೆ. ಶತ್ರುಗಳು ಬದಲಾದರು, ಬಂದೂಕುಗಳು ಬದಲಾದವು, ಶುರುವಿನ ಸಂಗೀತ ಮಾತ್ರ ಹಾಗೇ ಉಳಿದಿತ್ತು.

ಜಾಲಹಳ್ಳಿಯ ಫ್ಯಾಕ್ಟರಿಯಿಂದ ಬಂದವನೇ ರೂಮು ಸೇರುವುದು ಈ ಇಪ್ಪತ್ತಾರರ ಮಹಾಶಯನ ರೂಢಿ. ಗುಂಡಿನ ಸದ್ದು ಅಮ್ಮನಿಗೆ ಕೇಳದಿರಲೆಂದು ಆಡುವಾಗ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದ. ಗೆಳೆಯರು ಆನ್‌ಲೈನ್ ಬರುವವರೆಗೆ ಮಾತ್ರ ಸ್ಪೀಕರಿನಲ್ಲಿ ಆ ಸಂಗೀತ ತಿರುತಿರುಗಿ ಬರುತ್ತಿತ್ತು, ಗಂಡಸರು ಗುಡಿಯಲ್ಲಿ ಕೂತು ಮಂತ್ರ ಹೇಳಿದ ಹಾಗೆ. ಅಡುಗೆಮನೆಗೆ ಕೇಳಿಸಿದ್ದು ಅಷ್ಟೇ.

ಪಕ್ಕದಲ್ಲಿದ್ದ ಗೆಳೆಯ ಪುನೀತ್ ಮೊಣಕೈಯಿಂದ ತಿವಿದ. "ಮಗಾ, ನಮ್ ಗೇಮ್ ಮ್ಯೂಸಿಕ್ ಅಲ್ವೇನೋ ಇದು? ಮ್ಯಾಚ್ ಶುರು ಗುರು, ಗನ್ ತಗೋ!" ಎಂದು ಇಲ್ಲದ ಬಂದೂಕನ್ನು ವೇದಿಕೆಯತ್ತ ಹಿಡಿದ.

ಮಹೇಂದ್ರ ನಕ್ಕುಬಿಟ್ಟ. ಸಣ್ಣಗೆ ಅಲ್ಲ, ಹೊಟ್ಟೆ ಹಿಡಿದುಕೊಂಡು. ಮುಂದಿನ ಸಾಲಿನವರು ತಿರುಗಿ ನೋಡಿದರು. ಹಾಡುತ್ತಲೇ ಅಮ್ಮನೂ ನೋಡಿದಳು.

ಭಜನಾ ಸ್ಪರ್ಧೆಗೆ ಇದ್ದದ್ದು ಒಂದೇ ಷರತ್ತು: ಸಿನಿಮಾ ಮಟ್ಟು ಕೂಡದು, ಹೊಸದೇ ಆಗಬೇಕು. ಹಾಡು ಮುಗಿದಾಗ ತೀರ್ಪುಗಾರ ಗುರುಪಾದಪ್ಪನವರು ಖುಷಿಯಾಗಿ ಮೈಕ್ ಹಿಡಿದು ಕೇಳಿದರು, "ಅಮ್ಮಾ, ಈ ಮಟ್ಟು ಹಾಕಿದ್ದು ಯಾರು?"

"ನಮ್ ಹುಡ್ಗ ಸಾರ್. ನಾಕ್ ವರ್ಷದಿಂದ ಬಾಗ್ಲಾಕ್ಕೊಂಡು ಕಂಪ್ಯೂಟರ್‌ನಾಗೆ ಇದ್ನೇ ಮಾಡ್ತಾವ್ನೆ. ಯಾರಿಗೂ ಯೋಳಲ್ಲ. ಇಂಗಾದ್ರೂ ನಾಕ್ ಜನ ಕೇಳ್ಲಿ ಅಂತ ನಾನೇ ಕದ್ದು ಕಲ್ತೆ. ಅಗೋ, ಅಲ್ ಕುಂತವ್ನೆ!"

ಇಡೀ ಭವನ ಹಿಂದಕ್ಕೆ ತಿರುಗಿತು. ಪುನೀತ್ ಕೈಗಳನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡ.

ಗುರುಪಾದಪ್ಪನವರು ಕೈಬೀಸಿ ಕರೆದಾಗ ಮಹೇಂದ್ರ ವೇದಿಕೆಯ ಮೆಟ್ಟಿಲು ಹತ್ತಿದ. ನಿಜ ಹೇಳಿದರೆ ಇಷ್ಟು ಜನರ ಮುಂದೆ ಅಮ್ಮನ ಮಾನ ಹೋಗುತ್ತದೆ. ಹೇಳದಿದ್ದರೆ ತಾನು ಕಳ್ಳ. "ಸಾರ್, ಇದು ನಂದಲ್ಲ," ಎಂದ, ಮೈಕಿಗೆ ಕೇಳಿಯೂ ಕೇಳದ ಹಾಗೆ.

"ಯಾವಾಗ್ಲೂ ಇಂಗೇ ಸಾರ್. ಬೋ ನಾಚ್ಕೆ," ಎಂದಳು ಅಮ್ಮ. ಜನ ನಕ್ಕು ಚಪ್ಪಾಳೆ ತಟ್ಟಿದರು. ಅವನು ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ತನ್ನ ಮೇಲೆ ತನಗೇ ಛೀ ಅನ್ನಿಸಿತು.

ಗುರುಪಾದಪ್ಪನವರು ಹೊದಿಸಿದ ಶಾಲು ಹೆಗಲಿನಿಂದ ಜಾರಿತು. ಅಮ್ಮ ಅದನ್ನು ಸರಿಪಡಿಸುತ್ತ ಅವನ ಕಿವಿಯ ಹತ್ತಿರ ಬಂದಳು. "ನಿನ್ನ ಕೇಳ್ದೆ ನಿನ್ ಮಟ್ಟು ಆಡಿಸ್ದೆ ಅಂತ ಬೈತೀಯೇನೋ ಅಂತ ಭಯ ಆಗಿತ್ತು ಕಣಪ್ಪ. ಅಲ್ಲಿ ನೀನ್ ನಗ್ತಿದ್ದಿದ್ದು ನೋಡ್ದೆ ನೋಡು, ಆಗ ಜೀವ ಬಂತು."

ಮುಂದಿನ ಮಂಡಳಿಯವರು ತಾಳ ಹಿಡಿದು ಮೆಟ್ಟಿಲ ಬಳಿ ಕಾಯುತ್ತಿದ್ದರು. ಮಹೇಂದ್ರ ಶಾಲಿನ ತುದಿ ಹಿಡಿದುಕೊಂಡು ಅಲ್ಲೇ ನಿಂತಿದ್ದ.