ಚಾಚಿದ ಕಾಲಿನ ಅಳತೆ

ನಮ್ಮ ಕಚೇರಿಯಲ್ಲಿ ಯಾರೂ ಯಂತ್ರ ಅನ್ನುವಂತಿರಲಿಲ್ಲ. ‘ಪ್ರಾಡಕ್ಟ್’ ಅನ್ನಬೇಕು. ಶೇಂಗಾ ಸುಲಿಯುವ ಡಬ್ಬಿಯಾದರೂ ಪ್ರಾಡಕ್ಟೇ, ತೊಗರಿ ಸೋಸುವ ಜರಡಿಯಾದರೂ ಪ್ರಾಡಕ್ಟೇ. ಸ್ಟೇಶನ್ ಬಜಾರದ ಒಂದು ಲಾಡ್ಜಿನ ಮಹಡಿಯ ಮೇಲೆ ಎರಡು ಕೋಣೆ, ಮೂರು ಡ್ರಾಯಿಂಗ್ ಬೋರ್ಡು, ಒಂದು ಕಂಪ್ಯೂಟರು, ಅದಕ್ಕೊಂದು ಹೂವಿನ ಚಿತ್ರದ ಹೊದಿಕೆ. ಮುಕುಂದರಾಯರು ಪುಣೆಯ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷ ಡಿಸೈನ್ ಮಾಡಿ, ಊರಿಗೆ ಮರಳಿ ತೆರೆದ ಕನ್ಸಲ್ಟನ್ಸಿ ಅದು. ಸಣ್ಣ ಉದ್ಯಮದವರು ಬಂದು ಕಷ್ಟ ಹೇಳಿಕೊಂಡರೆ ನಾವು ಅದಕ್ಕೊಂದು ಯಂತ್ರ ರೂಪಿಸಿ ಕೊಡುತ್ತಿದ್ದೆವು. ನಾನು ಹಣಮಂತ. ಡಿಪ್ಲೊಮಾ ಮುಗಿಸಿ ಅಲ್ಲಿ ಸೇರಿ ಎರಡು ವರ್ಷವಾಗಿತ್ತು. ತಲೆಗೆ ಕೋಡು ಮೂಡಲು ಅಷ್ಟು ಸಾಕು.

ರಾಯರದೊಂದು ಪದ್ಧತಿಯಿತ್ತು. ಅದನ್ನು ಅವರು ‘ಒಳ್ಳೆ ಕೈ ಹಿಡಿಯೋದು’ ಅನ್ನುತ್ತಿದ್ದರು. ಹತ್ತು ಮಂದಿ ಒಂದೇ ಕೆಲಸ ಮಾಡುವಲ್ಲಿ ಎಲ್ಲರಿಗಿಂತ ಚುರುಕಾದವರನ್ನು ಹುಡುಕಬೇಕು. ಅವರು ಕೂರುವ ರೀತಿ, ತೋಳಿನ ಉದ್ದ, ಕೈಯ ಓಟ ಎಲ್ಲ ಅಳೆದು, ಆ ಅಳತೆಗೆ ಯಂತ್ರ ಮಾಡಬೇಕು. ಉಳಿದವರು ತಾವಾಗಿಯೇ ಅದಕ್ಕೆ ಒಗ್ಗುತ್ತಾರೆ. ಇದನ್ನು ನಾವು ವೇದವಾಕ್ಯದಂತೆ ನಂಬಿದ್ದೆವು.

ತೊಂಬತ್ತೆಂಟರ ಬೇಸಿಗೆಯಲ್ಲಿ ಕಮಲಾಪುರದಿಂದ ಕಾಶಿರಾಯ ಎಂಬವರು ಬಂದರು. ಅವರದು ಖಡಕ್ ರೊಟ್ಟಿಯ ಕಾರ್ಖಾನೆ. ಆರು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು, ನಾಲ್ವರು ಬೇಯಿಸುತ್ತಿದ್ದರು. ರೊಟ್ಟಿ ಸೊಲ್ಲಾಪುರಕ್ಕೂ ಹೈದರಾಬಾದಿಗೂ ಹೋಗುತ್ತಿತ್ತು. ಕೈಯಿಂದ ಬಡಿದರೆ ಬೇಡಿಕೆ ಮುಟ್ಟುವುದಿಲ್ಲ, ಒತ್ತುವ ಯಂತ್ರ ಬೇಕು ಎಂದರು.

ಕಮಲಾಪುರದ ‘ಒಳ್ಳೆ ಕೈ’ ಮರೆಮ್ಮ. ನಲವತ್ತರ ಆಸುಪಾಸಿನ ಹೆಂಗಸು. ಉಳಿದವರು ತಾಸಿಗೆ ಐವತ್ತು ಬಡಿದರೆ ಈಕೆ ಎಪ್ಪತ್ತು. ಎಲ್ಲರೂ ಒಂದು ಮೊಣಕಾಲು ಎತ್ತಿ, ಇನ್ನೊಂದು ಮಡಚಿ ಕೂರುತ್ತಿದ್ದರು. ಮರೆಮ್ಮ ಮಾತ್ರ ಬಲಗಾಲನ್ನು ನೆಟ್ಟಗೆ ಮುಂದೆ ಚಾಚುತ್ತಿದ್ದಳು. ಆ ಪಾದದಿಂದಲೇ ಹಿಟ್ಟಿನ ಡಬ್ಬಿ ಸರಿಸುವಳು, ರೊಟ್ಟಿಯ ಬುಟ್ಟಿ ದೂಡುವಳು. ನನಗೆ ನಿಧಿ ಸಿಕ್ಕಂತಾಯಿತು. ಈಕೆಯ ಕಾಲೂ ದುಡಿಯುತ್ತದೆ, ಗುಟ್ಟು ಇಲ್ಲಿದೆ ಎಂದು ವಹಿಯಲ್ಲಿ ಕೆಂಪು ಗೆರೆ ಎಳೆದೆ. ನಾಲ್ಕು ದಿನ ಸ್ಟಾಪ್‌ವಾಚ್ ಹಿಡಿದು ಅವಳೆದುರು ಕೂತೆ. ಕಾಲು ಯಾಕೆ ಹಾಗೆ ಚಾಚುತ್ತೀ ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ.

“ತಮ್ಮಾ, ಅಂಗಿ ಹೊಲಿಯಾವನೂ ಇಷ್ಟು ಅಳತಿ ತಗೋಳಂಗಿಲ್ಲ ನೋಡು. ಬಿಸಿ ಅದ, ಮೊದಲ ಉಣ್ಣು,” ಎಂದು ಅವಳು ನಗುತ್ತ ರೊಟ್ಟಿಯ ಮೇಲೆ ಪುಂಡಿಪಲ್ಲೆ ಹಾಕಿ ಕೊಡುತ್ತಿದ್ದಳು. ನಾಲ್ಕೂ ದಿನ ಉಂಡೆ.

ಯಂತ್ರ ಹೀಗಿತ್ತು: ಹೆಂಗಸು ಗಿಡ್ಡ ಮಣೆಯ ಮೇಲೆ ಕೂತು ಹಿಟ್ಟಿನ ಉಂಡೆ ಇಡಬೇಕು, ಬಲಗಾಲು ಚಾಚಿ ಪೆಡಲ್ ದೂಡಬೇಕು, ಮೇಲಿನ ತಟ್ಟೆ ಇಳಿದು ರೊಟ್ಟಿ ಒತ್ತಬೇಕು. ಮೋಮಿನಪುರದ ಖಮರುದ್ದೀನ್ ಉಸ್ತಾದರು ಆರು ಮಾಡಿಕೊಟ್ಟರು. ಮೊದಲನೆಯದರ ಮೇಲೆ ತಾವೇ ಕೂತು ನೋಡಿ, ಸೊಂಟ ಹಿಡಿದುಕೊಂಡು ಎದ್ದರು.

“ಇಂಜಿನಿಯರ್ ಸಾಬ್, ಕಾಲು ಇಷ್ಟು ಲಂಬಾ ಯಾಕ್ರಿ?”

“ನೀವು ರೊಟ್ಟಿ ಮಾಡಾವ್ರಲ್ಲ ಉಸ್ತಾದ್,” ಎಂದೆ. ದೊಡ್ಡ ಉತ್ತರ ಕೊಟ್ಟೆ ಅಂದುಕೊಂಡಿದ್ದೆ.

ಕಮಲಾಪುರದಲ್ಲಿ ಮರೆಮ್ಮ ತಾಸಿಗೆ ನೂರಹತ್ತು ತೆಗೆದಳು. ಉಳಿದ ಐವರದು ನಲವತ್ತೂ ದಾಟಲಿಲ್ಲ. ತಟ್ಟೆ ಅರ್ಧಕ್ಕೇ ನಿಲ್ಲುತ್ತಿತ್ತು, ರೊಟ್ಟಿಯ ಅಂಚು ಸೀಳುತ್ತಿತ್ತು. ಇಪ್ಪತ್ತು ದಿನ ಕಳೆದರೂ ಅದೇ ಕತೆ. ಕಾಶಿರಾಯರ ತಾಳ್ಮೆ ಮುಗಿಯಿತು. ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದರು:

“ಮಷಿನ್ ಸರಿ ಇದ್ರ ಈ ಐದೂ ಮಂದೀನ ಬಿಡಿಸಿ ಹೊಸ ಹುಡುಗ್ಯಾರ್ನ ಹಚ್ಕೋತೀನಿ. ಮಷಿನ್ ತಪ್ಪಿದ್ರ ಆರೂ ಗಾಡಿಗಿ ಹಾಕಿ ವಾಪಸ್ ಕಳಸ್ತೀನಿ. ಗುರುವಾರ ಬಂದು ಮರೆಮ್ಮನ ಕೈಲೆ ಮಾಡಿಸಿ ತೋರಸ್ರಿ.”

ನಾನು ಬುಧವಾರವೇ ಬಸ್ಸು ಹಿಡಿದು ಹೋದೆ. ಐವರಲ್ಲಿ ಹಿರಿಯಳಾದ ಭೀಮಬಾಯಿ ತೊಡೆ ನೀವಿಕೊಳ್ಳುತ್ತ ಕೂತಿದ್ದಳು.

“ಕಾಲು ಚಾಚಿ ದೂಡಿದ್ರ ತ್ರಾಣ ಬರಂಗಿಲ್ರಿ ಸಾಹೇಬ್ರ. ಟೊಂಕ ಹಿಡೀತದ.”

“ಮರೆಮ್ಮಗ ಹೆಂಗ ಬರ್ತದ ಮತ್ತ?”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಆಕೀ ಮೊಣಕಾಲು ಮಡಚಂಗಿಲ್ಲಲ್ರಿ. ಬಂಡಿ ಮ್ಯಾಲಿಂದ ಬಿದ್ದು ಹನ್ನೆರಡು ವರ್ಷ ಆತು. ಅಂದಿನಿಂದ ಹಂಗ ಚಾಚೇ ಕೂಡ್ತಾಳ, ಟೊಂಕದಿಂದನ ಕಾಲು ದೂಡಿ ರೂಢಿ ಆಗ್ಯದ. ನಿಮಗ ಗೊತ್ತಿಲ್ಲೇನು?”

ನನಗೆ ಗೊತ್ತಿರಲಿಲ್ಲ. ಒಬ್ಬಳ ನೋವನ್ನು ಜಾಣತನ ಎಂದು ತಿಳಿದು ಅಳೆದಿದ್ದೆ, ಆ ನೋವಿನ ಅಳತೆಗೆ ಆರು ಯಂತ್ರ ಮಾಡಿಸಿದ್ದೆ. ಮುಂದಿನ ಬಸ್ಸಿಗೇ ಮರಳಿದೆ.

ಸಂಜೆ ರಾಯರಿಗೆ ಎಲ್ಲ ಹೇಳಿದೆ. ಪೆಡಲ್ ಹಿಂದೆ ತಂದರೆ ಚೌಕಟ್ಟನ್ನೇ ಹೊಸದಾಗಿ ಮಾಡಬೇಕು, ಮಾಡೋಣ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಆರೂ ಮಷಿನ್ ವಾಪಸ್ ಬಂದ್ರ ಈ ಊರಾಗ ನಮ್ಮ ಬಾಗಿಲಿಗೆ ಯಾರ್ ಬರ್ತಾರ ಹಣಮಂತಾ? ಡ್ರಾಯಿಂಗ್ ಮ್ಯಾಲ ನಿನ್ನ ಸಹಿ ಅದ. ತಪ್ಪಾಗ್ಯದ ಅಂತ ಬರದು ಕೊಡ್ತಿಯೇನು? ನಾಳೆ ಮರೆಮ್ಮ ನೂರಹತ್ತು ತಗದ್ರ ಸಾಕು. ನೀ ಬಾಯಿ ತೆಗೀಬ್ಯಾಡ.”

ಬಾಯಿ ತೆಗೆಯುವ ಪ್ರಸಂಗ ಬರಲಿಕ್ಕಿಲ್ಲ ಎಂದು ನಾನೂ ಸಮಾಧಾನ ಮಾಡಿಕೊಂಡೆ.

ಗುರುವಾರ ಮುಕುಂದರಾಯರ ಜೀಪಿನಲ್ಲಿ ಕಮಲಾಪುರ ಮುಟ್ಟಿದಾಗ ಐವರೂ ಹೆಂಗಸರು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು. ಮರೆಮ್ಮ ಮಣೆಯ ಮೇಲೆ ಕೂತಳು. ಅರ್ಧ ತಾಸಿನ ಪರೀಕ್ಷೆ. ಹತ್ತು ನಿಮಿಷದಲ್ಲೇ ನನಗೆ ತಿಳಿಯಿತು. ಉಂಡೆ ಇಟ್ಟು ಅಂಗೈ ಒರೆಸುವಳು. ಪೆಡಲ್ ದೂಡಿ ಕಾಲು ಅಲ್ಲೇ ಬಿಡುವಳು. ಒತ್ತಿದ ರೊಟ್ಟಿಯನ್ನು ಎರಡು ಸಲ ಮುಟ್ಟಿ ನೋಡಿ ಎತ್ತುವಳು. ಅರ್ಧ ತಾಸಿಗೆ ಹತ್ತೊಂಬತ್ತು ಆಯಿತು. ಯಂತ್ರವೇ ಕೆಟ್ಟದ್ದು ಎಂದು ತೋರಿಸಿ, ಗೋಡೆಗೆ ನಿಂತ ಐವರನ್ನು ಅವಳು ಉಳಿಸುತ್ತಿದ್ದಳು.

ಕಾಶಿರಾಯರು ರಾಯರ ಮುಖ ನೋಡಿದರು. ರಾಯರು ನನ್ನ ಕಡೆ ತಿರುಗಿದರು.

“ನಾಲ್ಕು ದಿನ ಕೂತು ನೋಡಿದಾಂವ ನೀನು. ಈಕೀ ಕೈ ಓಡೋದು ಇಷ್ಟೇ ಏನು?”

ಹೌದು ಅಂದಿದ್ದರೆ ಸಾಕಿತ್ತು. ಐದು ಮನೆಯ ಒಲೆ ಉರಿಯುತ್ತಿತ್ತು. ಯಂತ್ರ ವಾಪಸ್ ಬರುತ್ತಿತ್ತು, ನನ್ನ ಹೆಸರಿಗೆ ಒಂದು ಮಸಿ, ಬಹುಶಃ ಕೆಲಸವೂ ಹೋಗುತ್ತಿತ್ತು. ಇಪ್ಪತ್ತನಾಲ್ಕು ವರ್ಷದವನಿಗೆ ಇನ್ನೊಂದು ಕೆಲಸ ಸಿಗದೇ ಹೋಗುತ್ತಿರಲಿಲ್ಲ. ಮರೆಮ್ಮ ತಲೆ ಎತ್ತಲಿಲ್ಲ, ಹಿಟ್ಟನ್ನೇ ನೋಡುತ್ತಿದ್ದಳು.

“ಅಲ್ರೀ ಸರ್. ಬೇಕಂತನ ನಿಧಾನ ಮಾಡಾಕತ್ತಾಳ.”

ಹೇಳಿದ್ದು ಅಕ್ಷರಶಃ ಖರೆ. ಖರೆ ಮಾತಿನಿಂದಲೂ ಅಷ್ಟು ದೊಡ್ಡ ಸುಳ್ಳು ಹೇಳಬಹುದು ಎಂದು ನಾನು ಕಲಿತದ್ದು ಆವತ್ತು.

“ಏ ಮರೆಮ್ಮಾ, ಬರೋಬ್ಬರ್ ಮಾಡ್ತಿಯೋ, ಇವರ ಸಂಗಾಟ ನೀನೂ ಮನೀಗಿ ನಡೀತಿಯೋ?” ಕಾಶಿರಾಯರು ಗುಡುಗಿದರು.

ಮುಂದಿನ ಅರ್ಧ ತಾಸಿಗೆ ಐವತ್ತಾರು ರೊಟ್ಟಿ ಬಂದವು. ಸ್ಟಾಪ್‌ವಾಚ್ ಒತ್ತಿದ್ದು ನಾನೇ. ಐವರೂ ಸೆರಗಿನಿಂದ ಹಿಟ್ಟು ಕೊಡವಿಕೊಂಡು ಹೊರಟರು. ಭೀಮಬಾಯಿ ಮಾತ್ರ ಮರೆಮ್ಮನ ಹೆಗಲ ಮೇಲೆ ಒಂದು ಕ್ಷಣ ಕೈಯಿಟ್ಟು ಹೋದಳು.

ರಾಯರು ಕಾಶಿರಾಯರ ಕೈ ಕುಲುಕಿ ಜೀಪಿನ ಕಡೆ ನಡೆದರು. ನಾನು ವಹಿ ಎತ್ತಿಕೊಳ್ಳಲು ಬಗ್ಗಿದೆ.

“ಸಾಹೇಬ್ರ,” ಎಂದಳು ಮರೆಮ್ಮ. ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. “ನಾಳಿಗಿ ಹೊಸ ಹುಡುಗ್ಯಾರು ಬರ್ತಾರಂತ. ಅವರ ಮೊಣಕಾಲು ಯಾರು ಮುರೀಬೇಕ್ರಿ? ನೀವೋ, ನಾನೋ?”

ಹೊರಗೆ ರಾಯರು ಹಾರನ್ ಹೊಡೆಯುತ್ತಿದ್ದರು. ನಾನು ಹೋಗಿ ಜೀಪಿನಲ್ಲಿ ಕೂತೆ.