ಗೋಡೆ ಹಿಡಿದವರು

"ಕಿವುಡಾ ನಿಂಗೆ? ಮಿಲ್ಲಿನ ಸದ್ದಿಗೆ ಹೋದ ನಿಮ್ಮಪ್ಪನ ಕಿವಿ ನಿಂಗೂ ಬಂತಾ? ಆ ಜಿಡ್ಡು ಕಲೆಗೆ ಸುಣ್ಣ ಬಳಿ ಅಂದೆ!"

ಮ್ಯಾನೇಜರ್ ಕೂಗುತ್ತಿದ್ದರೂ ಕದಿರಿ ಬಗ್ಗಿ ಗುಡಿಸುತ್ತಲೇ ಇದ್ದಳು. ನೂಲು ಸುತ್ತುವ ಕದಿರಿನಂತೆ ಬಡಕಲಾಗಿದ್ದಾಳೆಂದು ಎಳವೆಯಲ್ಲಿ ಅಂಟಿದ ಹೆಸರು, ಕೂದಲು ನೆರೆತರೂ ಬಿಟ್ಟಿರಲಿಲ್ಲ. ಅವಳು ಹುಟ್ಟಿದ್ದು ಇದೇ ಕೋಣೆಯಲ್ಲಿ. ಮಿಲ್ಲು ಮುಚ್ಚಿತು, ಕೂಲಿಗಳ ಸಾಲುಮನೆ ಖಾಲಿಯಾಯಿತು, ಈಗ ಅದು ಪಾರಂಪರಿಕ ವಸತಿ. ಕೂಲಿಗಳ ಹಾಗೆ ಒಂದು ರಾತ್ರಿ ಕಳೆದು ನೋಡಲು ದೂರದಿಂದ ಜನ ಬರುತ್ತಿದ್ದರು. ಬಿರುಕು, ಹೊಗೆಮಸಿ, ತುಕ್ಕು ಹಿಡಿದ ಕೊಕ್ಕೆ ಎಲ್ಲವನ್ನೂ ಇದ್ದ ಹಾಗೇ ಉಳಿಸಿದ್ದರು. ಆ ಕಲೆ ಮಾತ್ರ ನಿನ್ನೆ ತಂಗಿದ್ದವರಿಗೆ ಅಸಹ್ಯವಾಗಿತ್ತು.

ಬೇರೆ ಕಡೆ ಕಾಯಿಲೆಯವರು ಹಾಸಿಗೆ ಹಿಡಿಯುತ್ತಾರೆ. ಈ ಸಾಲಿನಲ್ಲಿ ಗೋಡೆ ಹಿಡಿಯುತ್ತಿದ್ದರು. ಎದೆಗೆ ಹತ್ತಿಯ ಧೂಳು ಇಳಿದವನು ಮಲಗಿದರೆ ಉಸಿರು ಕಟ್ಟುತ್ತಿತ್ತು. ಕೂತೇ ನಿದ್ದೆ. ಜಾರದಿರಲೆಂದು ಅವ್ವ ಹಳೇ ಹೊದಿಕೆಯಿಂದ ಅಪ್ಪನನ್ನು ಕೊಕ್ಕೆಗೆ ಬಿಗಿಯುತ್ತಿದ್ದಳು.

"ದನ ಕಟ್ಟಿದ ಹಾಗೆ ಕಟ್ತೀಯಲ್ಲೇ," ಎಂದು ಅಪ್ಪ ನಗಲು ಹೋಗಿ ಕೆಮ್ಮುತ್ತಿದ್ದ.

"ದನ ಆಗಿದ್ರೆ ಹಾಲಾದ್ರೂ ಕೊಡ್ತಿತ್ತು. ಸುಮ್ನೆ ಕೂತ್ಕೋ."

ಅವನ ತಲೆಯ ಎಣ್ಣೆ, ಬೆವರು ಗೋಡೆಗೆ ಇಳಿದದ್ದೇ ಆ ಕಲೆ. ಅವನದೊಂದು ಪಟ ಕೂಡ ಇರಲಿಲ್ಲ. ಗುಡಿಸಲು ಬಂದಾಗಲೆಲ್ಲ ಕದಿರಿ ಅದರ ಮೇಲೊಮ್ಮೆ ಅಂಗೈ ಇಡುತ್ತಿದ್ದಳು.

"ಅದು ನಮ್ಮಪ್ಪನ ತಲೆ, ಸಾರ್. ಅದೊಂದು ಬಿಟ್ಬಿಡಿ."

"ಸತ್ತೋನ ಕೊಳೆ ಪಕ್ಕ ಯಾವನೇ ಮಲಗ್ತಾನೆ? ಬಳೀತೀಯೋ, ನಾಳೆಯಿಂದ ಮನೇಲೇ ಬಿದ್ದಿರ್ತೀಯೋ, ಮುಂಡೇದೆ?"

ಅಷ್ಟರಲ್ಲಿ ಹೊಸ ಅತಿಥಿಗಳು, ಗಂಡ ಹೆಂಡತಿ, ಪೆಟ್ಟಿಗೆ ಹಿಡಿದು ಹೊಸ್ತಿಲಿಗೆ ಬಂದರು. "ಅಬ್ಬಾ, ಎಲ್ಲಾ ಹಂಗಂಗೇ ಇದೆ ನೋಡ್ರೀ!" ಎಂದಳು ಹೆಂಡತಿ.

ಕದಿರಿ ಪೊರಕೆ ಕೆಳಗಿಟ್ಟಳು. ಗೋಡೆಗೆ ಬೆನ್ನು ಕೊಟ್ಟು ಕೂತಳು. ತಲೆ ಕಲೆಗೆ ಎಟುಕಲಿಲ್ಲ. ಅಪ್ಪ ಎತ್ತರದ ಆಳು. ಮೊಣಕಾಲು ಮಡಿಸಿ ಹಿಮ್ಮಡಿಯ ಮೇಲೆ ಕೂತಾಗ ಎಟುಕಿತು.

"ಏಳೇ!"

"ಏಳಲ್ಲ. ಬಳಿಯೋದಾದ್ರೆ ಹಿಂಗೇ ಬಳಿ."

ಮ್ಯಾನೇಜರ್ ತಾನೇ ಬ್ರಷ್ ಅದ್ದಿದ. ಅವಳ ಎಡಕ್ಕೆ ಬಳಿದ, ಬಲಕ್ಕೆ ಬಳಿದ. ಒಂದು ಗಳಿಗೆ ತಡೆದು, ನಡುವೆಯೂ ಬಳಿದ. ಸುಣ್ಣ ಹಣೆಯಿಂದಿಳಿದು ಕಣ್ಣಂಚು ಸುಟ್ಟಿತು.

"ಒಣಗೋಕೆ ಎಷ್ಟು ಹೊತ್ತಾಗುತ್ತೆ?" ಹೊಸ್ತಿಲಿನಿಂದ ಗಂಡ ಕೇಳಿದ.

ಕದಿರಿ ಕಣ್ಣು ಮುಚ್ಚಿ, ತಲೆಯನ್ನು ಗೋಡೆಗೆ ಇನ್ನಷ್ಟು ಒತ್ತಿದಳು.