ಬಾಬಿನ್ ಡಬ್ಬಿ

ದರ್ಜಿಯ ತಲೆಯೊಳಗೆ, ಒಂದು ರಕ್ತನಾಳದ ಕವಲಿನಲ್ಲಿ, ಕಾಳುಮೆಣಸಿನಷ್ಟು ಉಬ್ಬು ಇದೆಯೆಂದು ಗೊತ್ತಾಗಿ ಒಂದು ವರ್ಷವಾಗಿತ್ತು. ಅಂಗಡಿಯ ಶಟರ್ ಹಣೆಗೆ ಬಡಿದದ್ದೇ ನೆಪ. ಸಿಟಿ ಸ್ಕ್ಯಾನ್ ಮಾಡಿಸಿದರೆ ಪೆಟ್ಟಿನ ಸುಳಿವೂ ಇರಲಿಲ್ಲ, ಬೇರೇನೋ ಅನುಮಾನ ಬಂದು ನರಕ್ಕೆ ಔಷಧಿ ಬಿಟ್ಟು ಮತ್ತೆ ತೆಗೆದಾಗ ಈ ಕರೆಯದ ಅತಿಥಿ ಸಿಕ್ಕಿಬಿದ್ದಿತ್ತು. ಒಡೆದರೆ ಜೀವಕ್ಕೆ ಅಪಾಯ, ಆದರೂ ಈಗ ಮುಟ್ಟುವುದು ಬೇಡ, ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿ ನೋಡೋಣ, ಬೆಳೆದಿದ್ದರೆ ಆಪರೇಷನ್ ಎಂದಿದ್ದರು ಡಾಕ್ಟರು.

"ನನ್ನ ತಲೇಲಿ ಏನೂ ಇಲ್ಲ ಅಂತಿದ್ಯಲ್ಲ, ನೋಡು, ಏನೋ ಇದೆಯಂತೆ," ಎಂದು ದರ್ಜಿ ಆಸ್ಪತ್ರೆಯ ಮೆಟ್ಟಿಲಿಳಿಯುತ್ತಲೇ ಹೆಂಡತಿಯನ್ನು ನಗಿಸಲು ನೋಡಿದ್ದ.

ಅವಳಿಗೆ ನಗು ಎಲ್ಲಿಂದ ಬರಬೇಕು. ಅಂದಿನಿಂದ ಅವನು ಜೋರಾಗಿ ಸೀನಿದರೂ ಅವಳ ಎದೆ ಧಸಕ್ಕೆನ್ನುತ್ತಿತ್ತು. ಬಿಪಿ ಮಾತ್ರೆ ನೆನಪಿಸುವವಳು ಅವಳು, ಸಿಗರೇಟು ಬಿಡಿಸಿದವಳು ಅವಳು. ಆ ಮಹಾರಾಯ ಮಾತ್ರ ಏನೂ ಆಗಿಲ್ಲವೆಂಬಂತೆ ಹಾಡು ಗುನುಗುತ್ತಾ ಮೆಷಿನ್ ತುಳಿಯುತ್ತಿದ್ದ. ಬದಲಾದದ್ದು ಒಂದೇ. ಗಳಿಗೆಗೊಮ್ಮೆ "ಬಾಬಿನ್ ಮುಗೀತು" ಎಂದು ಹೊಲಿಗೆ ನಿಲ್ಲಿಸಿ, ಬೆನ್ನು ತಿರುಗಿಸಿ ದಾರದ ಉರುಳೆಗಳ ಡಬ್ಬಿ ತಡಕುತ್ತಿದ್ದ.

"ದಾರ ಏನು ತಿಂತೀರಾ?" ಎಂದು ಅವಳು ಮೂಲೆಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುತ್ತಾ ಕೇಳುತ್ತಿದ್ದಳು.

ಈ ಸಲ ಸ್ಕ್ಯಾನಿಗೆ ಹೋದಾಗ ಯಂತ್ರ ನೋಡಿಕೊಳ್ಳುವ ಹೆಂಗಸು ಮೊದಲು ಕೇಳಿದ್ದೇ ಹೋದ ವರ್ಷದ ಫಿಲ್ಮ್.

ದರ್ಜಿ ಕತ್ತು ಕೆರೆದುಕೊಂಡ. "ಅದನ್ನ ಕತ್ತರಿಸಿಬಿಟ್ಟೆ ಅಮ್ಮಾ. ಗಟ್ಟಿ ಹಾಳೆ. ರಟ್ಟಾದ್ರೆ ನಾಲ್ಕು ದಿನಕ್ಕೆ ಮೆತ್ತಗಾಗುತ್ತೆ. ಕಾಲರಿಗೆ, ಜೇಬಿಗೆ, ಎಲ್ಲದಕ್ಕೂ ಮಾದರಿ ಮಾಡ್ಕೊಂಡೆ."

ಹೆಂಡತಿಗೆ ಮೈಯೆಲ್ಲ ಉರಿದುಹೋಯಿತು. ಗೋಡೆಯ ಮೊಳೆಗೆ ನೇತುಹಾಕಿದ್ದ ಆ ಕಪ್ಪು ತುಂಡುಗಳನ್ನು ಅವಳು ಗುಜರಿಯ ಎಕ್ಸ್‌ರೇ ಎಂದುಕೊಂಡಿದ್ದಳು. ತಾನು ವರ್ಷವಿಡೀ ಜೀವ ಕೈಯಲ್ಲಿ ಹಿಡಿದು ಕೂತಿದ್ದರೆ, ಈತ ತನ್ನ ಮೆದುಳಿನ ಚಿತ್ರ ಇಟ್ಟು ಊರವರ ಕಾಲರ್ ಗೀಚುತ್ತಿದ್ದ.

"ಅಕ್ಕಾ, ಹಳೇದನ್ನ ಪಕ್ಕದಲ್ಲಿ ಇಟ್ಕೊಂಡೇ ಡಾಕ್ಟರು ಬೆಳೆದಿದೆಯೋ ಇಲ್ವೋ ಹೇಳೋದು," ಎಂದಳು ಸ್ಕ್ಯಾನಿನವಳು ಮೆತ್ತಗೆ. "ರಿಪೋರ್ಟಲ್ಲಿ ಬರೀ ಚಿಕ್ಕದು ಅಂತ ಬರೆದಿದ್ದಾರೆ. ಆಗ ತೆಗೆದ ಸೆಂಟರೂ ಮುಚ್ಚಿಹೋಗಿದೆ. ಫಿಲ್ಮ್ ಸಿಗದಿದ್ರೆ ಮೂರು ತಿಂಗಳು ಬಿಟ್ಟು ಮತ್ತೆ ತೆಗೆದು ನೋಡ್ಬೇಕಾಗುತ್ತೆ."

ಇನ್ನೂ ಮೂರು ತಿಂಗಳು. ಅವಳಿಂದ ಮೂರು ದಿನವೂ ಆಗುತ್ತಿರಲಿಲ್ಲ.

"ಅಂಗಡೀಲಿರೋ ತುಂಡೆಲ್ಲ ತಗೊಂಡ್ ಬಾ," ಎಂದ ದರ್ಜಿ. ಯಂತ್ರದ ಮಂಚದತ್ತ ಎರಡು ಹೆಜ್ಜೆ ಇಟ್ಟವನು ತಿರುಗದೆಯೇ ಸೇರಿಸಿದ, "ಬಾಬಿನ್ ಡಬ್ಬೀನೂ ತಾ."

"ಯಾಕೆ, ಇಲ್ಲೂ ಹೊಲೀತೀರಾ?"

ಅವನು ಮಂಚದ ಮೇಲೆ ಮಲಗಿದ, ಬಾಗಿಲು ಮುಚ್ಚಿತು.

ಅಂಗಡಿ ಎರಡು ಬೀದಿಯಾಚೆ. ದಾರಿಯುದ್ದಕ್ಕೂ ಅವಳು ಗಂಡನನ್ನು ಮನಸ್ಸಿನಲ್ಲೇ ಬೈದು ಹಣ್ಣು ಮಾಡಿದಳು. ಮೊಳೆಯಿಂದ ಮಾದರಿಗಳನ್ನೆಲ್ಲ ಇಳಿಸಿ ಒಂದೊಂದನ್ನೇ ಬೆಳಕಿಗೆ ಹಿಡಿದಳು. ಜೇಬಿನ ತುಂಡಿನಲ್ಲಿ ಅವನ ಕಣ್ಣಿನ ಗುಳಿ, ಕಾಲರಿನದರಲ್ಲಿ ಅರ್ಧ ಬುರುಡೆ. ಡಾಕ್ಟರು ಕೆಂಪು ಶಾಯಿಯಲ್ಲಿ ಉಬ್ಬಿಗೆ ಬಾಣದ ಗುರುತು ಹಾಕಿದ್ದ ಚಿತ್ರ ಮಾತ್ರ ಯಾವುದರಲ್ಲೂ ಇರಲಿಲ್ಲ. ಕೊನೆಗೆ ಡಬ್ಬಿಯ ಮುಚ್ಚಳ ತೆಗೆದಳು.

ಬಾಬಿನ್‌ಗಳ ಅಡಿಯಲ್ಲಿ ಅಂಗೈಯಗಲದ ಒಂದು ಚೌಕವಿತ್ತು. ಕೆಂಪು ಬಾಣ ಇದ್ದಲ್ಲೇ ಇತ್ತು. ಹರಿಯದಿರಲೆಂದು ಸುತ್ತಲೂ ತೆಳು ಬಟ್ಟೆಯ ಅಂಚು ಕಟ್ಟಿ ಕೈಯಲ್ಲೇ ಹೊಲಿದಿದ್ದ. ಮದುಮಗನ ಕೋಟಿಗೂ ಅವನು ಅಷ್ಟು ಸಣ್ಣ ಹೊಲಿಗೆ ಹಾಕಿದ್ದನ್ನು ಅವಳು ಕಂಡಿರಲಿಲ್ಲ. ಅಂಚಿನ ಒಂದು ಮೂಲೆ ದಿನವೂ ಹಿಡಿದು ಹಿಡಿದು ಎಣ್ಣೆಗಟ್ಟಿತ್ತು, ಅದರ ಮೇಲೆ ಚಾಕ್‌ಪುಡಿಯ ಹೆಬ್ಬೆಟ್ಟು.

ಅವಳು ಅವನ ಸ್ಟೂಲಿನ ಮೇಲೆ ಕುಸಿದು ಕೂತಳು. ದಿನಕ್ಕೆ ಎಷ್ಟು ಸಲ ಬಾಬಿನ್ ಮುಗಿಯುತ್ತಿತ್ತು ಎಂದು ನೆನೆದಳು. ಇಡೀ ವರ್ಷ ಭಯಪಟ್ಟವಳು ತಾನೊಬ್ಬಳೇ ಎಂದುಕೊಂಡಿದ್ದಳಲ್ಲ. ಅಳು ಬಂತು, ಬೈದದ್ದಕ್ಕೆ ನಾಚಿಕೆಯೂ ಆಯಿತು. ಕಣ್ಣೊರೆಸಿಕೊಂಡು ಡಬ್ಬಿ ಸಮೇತ ಓಡಿದಳು.

ಡಾಕ್ಟರು ಚೌಕವನ್ನು ದೀಪದ ಹಲಗೆಗೆ ಸಿಕ್ಕಿಸಿದರು. ಚಿತ್ರದ ಬದಿಯಲ್ಲಿ ಅಚ್ಚಾಗಿದ್ದ ಅಳತೆಗೆರೆಯಿಂದ ಉಬ್ಬನ್ನು ಅಳೆದರು, ಪರದೆಯ ಮೇಲೆ ಈ ವರ್ಷದ್ದನ್ನು ಅದೇ ಕೋನಕ್ಕೆ ತಿರುಗಿಸಿ ಮತ್ತೆ ಅಳೆದರು.

"ಆಗಲೂ ನಾಲ್ಕು ಮಿಲಿಮೀಟರು, ಈಗಲೂ ನಾಲ್ಕು. ಬೆಳೆದಿಲ್ಲ," ಎಂದರು ಡಾಕ್ಟರು. "ಬರೋ ವರ್ಷ ಬನ್ನಿ. ಅಂದ ಹಾಗೆ, ಇದಕ್ಕೆ ಅಂಚು ಕಟ್ಟಿದ್ದು ಯಾರು?"

ದರ್ಜಿ ಚಪ್ಪಲಿ ನೋಡಿಕೊಂಡ. ಹೆಂಡತಿ ಚೌಕವನ್ನು ಕೇಳಿ ಪಡೆದು ಡಬ್ಬಿಗೆ ಹಾಕಿದಳು.

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಮೆಷಿನ್ ನಿಂತಿತು.

"ಬಾಬಿನ್ ಮುಗೀತು," ಎಂದ ದರ್ಜಿ.

ಅವಳು ಕೈಯಲ್ಲಿದ್ದ ಅಂಗಿ ಕೆಳಗಿಟ್ಟು, ಸ್ಟೂಲು ಎಳೆದುಕೊಂಡು ಬಂದು ಅವನ ಪಕ್ಕ ಕೂತಳು. ಮೆಷಿನ್ನಿನ ಬಾಬಿನ್‌ನಲ್ಲಿ ದಾರ ಇನ್ನೂ ಮುಕ್ಕಾಲು ಪಾಲಿತ್ತು.

"ತೆಗೀರಿ," ಎಂದಳು. "ನಾನೂ ನೋಡ್ತೀನಿ."